ಗುರುಮಲ್ಲಪ್ಪನವರ ಹನ್ನೆರಡು ಪದ

ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ ಗುರುಮಲ್ಲಪ್ಪನವರು ಮೊಬೈಲಿನ ಕ್ರಿಪ್ಟೊ ವಾಲೆಟ್ಟಿನಲ್ಲಿ ಬೇರೆ ಬೇರೆ ಚೈನಿನ, ಎಂದರೆ ಬೇರೆ ಬೇರೆ ಜಾಲದ, ನಾಣ್ಯ ಇಟ್ಟಂದಿನಿಂದ ಯಾರನ್ನೂ ನಂಬುವುದಿಲ್ಲ. ಒಂದು ಚೈನಿನ ನಾಣ್ಯವನ್ನು ತಪ್ಪಿ ಇನ್ನೊಂದಕ್ಕೆ ಕಳಿಸಿದರೆ ಹೋದದ್ದು ಹೋದಂತೆಯೇ ಎಂದು ಕಲಿತವರು, ಹಂಗಳದ ಬಸ್ಸನ್ನೂ ಡ್ರೈವರ್, ಕಂಡಕ್ಟರ್ ಇಬ್ಬರನ್ನೂ ವಿಚಾರಿಸಿಯೇ ಹತ್ತುತ್ತಾರೆ. ಮೊದಲು ಚೂರು ಹಣ ಕಳಿಸಿ ನೋಡಬೇಕೆಂಬ ನಿಯಮದಂತೆ, ಸಾರನ್ನೂ ಅನ್ನದ ಅಂಚಿಗೆ ಒಂದು ತೊಟ್ಟು ಬಿಟ್ಟು ಕಾಯುತ್ತಾರೆ. ಕಂಪನಿಯವನೆಂದು ಫೋನ್ ಮಾಡಿ ವಾಲೆಟ್ಟು ತೆರೆಯುವ ಗುಟ್ಟಿನ ಹನ್ನೆರಡು ಪದ ಕೇಳಿದವನಿಗೆ, "ನನ್ನ ಎಂಡ್ತಿಗೇ ಏಳ್ನಿಲ್ಲ ಕಣ್ಲಾ, ನಿಂಗೇಳ್ತೀನಾ? ಮಡುಗ್ಲಾ ಫೋನ!" ಎಂದು ಗದರಿದ್ದರು. ಆದರೆ ಹೋದ ವರ್ಷ ಮೈಸೂರಿನಲ್ಲಿ ಎದೆಯ ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ, ಹೆಂಡತಿ ಪುಟ್ಟಬಸಮ್ಮನವರ ಕಿವಿಯಲ್ಲಿ ಆ ಹನ್ನೆರಡೂ ಪದ ಹೇಳಿ, ತಿರುಗಿ ಒಪ್ಪಿಸೆಂದರು. ಆಕೆ ಒಪ್ಪಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು: "ಮದ್ವೆ ಆದಾಗಿಂದ ನೀವು ನನ್ ಜೊತೆ ಒಟ್ಗೆ ಇಷ್ಟು ಮಾತಾಡಿದ್ದು ಇವತ್ತೇ ಕಣ್ರೀ!"