ಅಕ್ಕ ಒಪ್ಪಿಕೊಂಡ ತಪ್ಪು

ಕೊಳ್ಳೇಗಾಲದ ಕೋರ್ಟಿನಲ್ಲಿ ಕರಿಕೋಟು ಹಾಕಿ ಹಾಕಿ ನನಗೆ ಸಾಕಾಗಿದೆ. ಕಕ್ಷಿದಾರರಿಗೆ ಬುದ್ಧಿ ಹೇಳಿ ಹೇಳಿ ಗಂಟಲೂ ಒಣಗಿದೆ.

ಹೋದ ಬೇಸಿಗೆಯಲ್ಲಿ ಕಾಮಗೆರೆಯ ಹೆಂಗಸೊಬ್ಬಳ ಕೇಸು ಬಂತು. ಅವಳ ತಮ್ಮ ಮಸ್ಕತ್ತಿನ ಒಂದು ಮನೆಯಲ್ಲಿ ಡ್ರೈವರು. ಯಜಮಾನನ ಟೀಗೆ ಉಮ್ಮತ್ತಿ ಬೀಜದ ಪುಡಿ ಬೆರೆಸಿ, ಅವನಿಗೆ ಎಚ್ಚರ ತಪ್ಪಿದಾಗ ಒಡವೆ ಎತ್ತಿಕೊಂಡು, ಸಿಕ್ಕಿಬಿದ್ದು ಅಲ್ಲಿನ ಜೈಲು ಸೇರಿದ್ದ. ಆ ವಿಷದ ಬೀಜ ಕುಟ್ಟಿ, ಊರಿಂದ ಅಲ್ಲಿಗೆ ಹೊರಟವರೊಬ್ಬರ ಕೈಲಿ ಚಟ್ನಿಪುಡಿ ಪೊಟ್ಟಣದ ಜೊತೆ ಕಳಿಸಿದವಳು ಈ ಅಕ್ಕ. ಏತಕ್ಕೆಂದು ಗೊತ್ತಿದ್ದೇ ಕಳಿಸಿದ್ದಳು. ತಾಯಿಯಿಲ್ಲದ ತಮ್ಮನನ್ನು ಸಾಕಿದವಳು, ಕೇಳಿದ್ದಕ್ಕೆ ಇಲ್ಲವೆನ್ನಲಿಲ್ಲ. ಹಾಳಾದ ಅಕ್ಕರೆ!

ಅಪರಾಧ ನಡೆದದ್ದು ಪರದೇಶದಲ್ಲಿ, ನೆರವಾದವಳನ್ನು ವಿಚಾರಿಸಲು ಈ ಕೋರ್ಟಿಗೆ ಅಧಿಕಾರವಿಲ್ಲ ಎಂದು ವಾದಿಸಿದೆ. ನ್ಯಾಯಾಧೀಶರು ಕನ್ನಡಕ ತೆಗೆದು, "ಕುಟ್ಟಿದ್ದು ಕಾಮಗೆರೆಯಲ್ಲೇ ತಾನೇ, ವಕೀಲರೇ?" ಎಂದರು. ಇಲ್ಲಿದ್ದುಕೊಂಡು ಹೊರದೇಶದ ಅಪರಾಧಕ್ಕೆ ನೆರವಾದರೆ ವಿಚಾರಣೆ ಇಲ್ಲೇ ಎಂದು ಆದೇಶವಾಯಿತು. ಆಗುವುದೇ ಹಾಗೆಂದು ನನಗೂ ಗೊತ್ತಿತ್ತು.

ಆರೋಪ ಓದುವ ದಿನ, "ಒಪ್ಪಲ್ಲ ಅಂತ ಒಂದೇ ಮಾತು ಹೇಳಮ್ಮ, ಉಳಿದದ್ದು ನನಗೆ ಬಿಡು" ಎಂದು ಬಡಕೊಂಡಿದ್ದೆ. ಅವಳು ಸೆರಗು ಹೊದ್ದು, ಕೈಮುಗಿದು, "ತಪ್ಪಾಯ್ತು ಸ್ವಾಮಿ, ಎಲ್ಲಾ ನಂದೇ. ನನ್ ತಮ್ಮುಂದು ಏನೂ ಇಲ್ಲ" ಎಂದುಬಿಟ್ಟಳು. ಯೋಚಿಸಿ ಹೇಳಲೆಂದು ನ್ಯಾಯಾಧೀಶರು ಮಧ್ಯಾಹ್ನದವರೆಗೆ ಸಮಯ ಕೊಟ್ಟರು.

ಹೊರಗೆ ಬಂದವನೇ ರೇಗಿದೆ. "ಯಾರಮ್ಮ ನಿನಗೆ ಹಾಗೆ ಹೇಳಿಕೊಟ್ಟಿದ್ದು? ಜೈಲಿಗೆ ಹೋಗ್ತೀಯ!"

"ಓಯ್ತೀನಿ ಬುಡಿ ಸಾ. ನಮ್ಮೂರ್ ನ್ಯಾಯದಲ್ಲಿ ಚಿಕ್ಕೋರು ತಪ್ ಮಾಡುದ್ರೆ ಮನೆ ದೊಡ್ಡೋರು ಎದ್ ನಿಂತ್ಕಂಡು ಒಪ್ಕತಾರೆ. ಅಲ್ಗೆ ತೀರೋಯ್ತು. ನಾನು ಒಪ್ಕಂಡ್ನಲ್ಲಾ, ಇನ್ ಅವುನ್ನ ಯಾವಾಗ ಬುಡ್ತಾರೆ?"

ಅಯ್ಯೋ ಶಿವನೇ! ಈ ಕೋರ್ಟು ನಿನ್ನನ್ನು ಮಾತ್ರ ವಿಚಾರಿಸುತ್ತದೆ, ಅವನದು ಬೇರೆ ದೇಶದ ಕೋರ್ಟು, ನೀನು ಇಲ್ಲಿ ಏನು ಒಪ್ಪಿಕೊಂಡರೂ ಅವನ ಶಿಕ್ಷೆ ಒಂದು ದಿನವೂ ಇಳಿಯದು ಎಂದು ಬಿಡಿಸಿ ಹೇಳಿದೆ. ಹೇಳುತ್ತಾ ಹೇಳುತ್ತಾ ಸಿಟ್ಟು ಇಳಿದು ನನಗೇ ಸಂಕಟವಾಯಿತು.

"ಸರಿ ಬುಡಿ, ಮಧ್ಯಾಹ್ನ ಒಪ್ಪಲ್ಲ ಅಂತಾನೇ ಅಂತೀನಿ" ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಕುಕ್ಕರಿಸಿ ಕೇಳಿದಳು:

"ಅಲ್ಲಿ ಅವುನ್ ಪರವಾಗಿ ತಪ್ಪಾಯ್ತು ಅನ್ನಕ್ಕೆ ಯಾರವ್ರೆ ಸಾ?"