ಕಲ್ಲುಗುಪ್ಪೆಯ ಮಾಂಸ

ಕ್ರಿಸ್‌ಮಸ್ ತಾತನಿಗೆ ಹೆಂಡತಿ ಸತ್ತು ಆರು ವರ್ಷವಾಯಿತು. ಎಡಗಿವಿ ಮಂದ, ಮಂಡಿಯಲ್ಲಿ ಬಲವಿಲ್ಲ. ಡೆನ್ಮಾರ್ಕಿನ ಮಕ್ಕಳಿಗೆ ಇದು ಗೊತ್ತಿಲ್ಲ, ನನಗೆ ಗೊತ್ತು. ನಮ್ಮೂರಿನ ಅಂಗಡಿಯನ್ನೂ ಅಂಚೆಯನ್ನೂ ನೋಡಿಕೊಳ್ಳುವವಳು ನಾನು, ನಿಕೊಲಿನೆ. "ಕ್ರಿಸ್‌ಮಸ್ ತಾತ, ಉತ್ತರ ಧ್ರುವ, ಗ್ರೀನ್‌ಲ್ಯಾಂಡ್" ಎಂದು ವಿಳಾಸ ಬರೆದ ಕಾಗದಗಳನ್ನು ದಕ್ಷಿಣದ ಯಾರೋ ಪುಣ್ಯಾತ್ಮರು ನಮ್ಮಲ್ಲಿಗೆ ತಳ್ಳುತ್ತಾರೆ. ನಮಗಿಂತ ಉತ್ತರಕ್ಕೆ ಬೇರೆ ಅಂಚೆ ಇಲ್ಲವಲ್ಲ! ಅವಕ್ಕೆ ಉತ್ತರ ಬರೆಯುವವನು ಯೆರೆಮಿಯಾಸ್. ಸೀಲ್ ಬೇಟೆಗೆ ಹೋಗುವ ಶಕ್ತಿ ಕುಂದಿದ ಮೇಲೆ, ಹತ್ತೊಂಬತ್ತು ವರ್ಷಗಳಿಂದ, ಡಿಸೆಂಬರ್ ಪೂರ್ತಿ ನನ್ನ ಅಂಗಡಿಯ ಒಲೆಯ ಪಕ್ಕ ಕೂತು ಬರೆಯುತ್ತಾನೆ. ಅವನ ಡ್ಯಾನಿಷ್ ಕಾಗುಣಿತ ತಿದ್ದುವ ಕರ್ಮ ನನ್ನದು.

ಹಿಮಸಾರಂಗ ಹಾರುತ್ತದೆಯೇ? ಹೌದು. ನಿನ್ನ ಮನೆ ಐಸಿನದೇ? ಹೌದು. ಮಕ್ಕಳು ಏನು ಕೇಳಿದರೂ ಹೌದು.

"ಇಲ್ಲ ಅನ್ನೋಕೆ ನಿನ್ನ ಗಂಟೇನು ಹೋಗುತ್ತಣ್ಣ?" ಎಂದು ನಾನು ರೇಗುತ್ತಿದ್ದೆ.

"ಕೇಳೋರು ಆಸೆಯಿಂದ ಕೇಳ್ತಾರೆ. ಯಾಕಮ್ಮ ಅವರ ಮನಸ್ಸು ನೋಯಿಸ್ಬೇಕು?" ಎನ್ನುತ್ತಿದ್ದ.

ಇಡೀ ಊರೇ ಹಾಗೆ. ದೊಡ್ಡವರಿಗೆ ಯಾರೂ ಬುದ್ಧಿ ಹೇಳುವುದಿಲ್ಲ, ತಪ್ಪು ದಾರಿ ಹಿಡಿದವನಿಗೂ ದಾರಿ ತಪ್ಪಿತು ಎನ್ನುವುದಿಲ್ಲ. ಬೆಳೆದ ಮನುಷ್ಯನಿಗೆ ಹೀಗೆ ಮಾಡು ಎನ್ನುವುದು ಅವನನ್ನು ತೊಟ್ಟಿಲಿಗೆ ಹಾಕಿದಷ್ಟೇ ಅವಮಾನ. ನನಗೆ ಮಾತ್ರ ಬಾಯಿ ಕಟ್ಟಿಕೊಂಡು ಇರಲಾಗುವುದಿಲ್ಲ. ಅದಕ್ಕೇ ನನ್ನನ್ನು ಗಯ್ಯಾಳಿ ಅನ್ನುತ್ತಾರೆ, ಅನ್ನಲಿ.

ಈಗ ಹೇಳಹೊರಟಿರುವುದು ೧೯೮೬ರ ಡಿಸೆಂಬರ್ ಮಾತು. ಯೆರೆಮಿಯಾಸನ ಒಬ್ಬಳೇ ಮಗಳು ಆಮಾಲಿಯೆಗೆ ನವೆಂಬರಿನಲ್ಲಿ ಗಂಡು ಮಗು ಹುಟ್ಟಿತ್ತು. ಅವಳಿಗೆ ಮೂವತ್ತೊಂಬತ್ತು ವರ್ಷ, ಹಿಂದಿನ ಇಬ್ಬರೂ ಹೆಣ್ಣು, ಇದೇ ಕೊನೆಯದು ಎಂದು ಅವಳೇ ಹೇಳಿಬಿಟ್ಟಿದ್ದಳು. ಕ್ರಿಸ್‌ಮಸ್‌ನ ಎರಡನೆಯ ದಿನ ಚರ್ಚಿನಲ್ಲಿ ನಾಮಕರಣ. ನಮ್ಮಲ್ಲಿ ಸತ್ತವರ ಹೆಸರನ್ನು ಮಗುವಿಗೆ ಇಟ್ಟರೆ ಸತ್ತವರೇ ಮನೆಗೆ ಮರಳಿದಂತೆ. ಅಜ್ಜನ ಹೆಸರಿನ ಕೂಸನ್ನು ಅಜ್ಜ ಎಂದೇ ಕರೆಯುತ್ತೇವೆ, ಅಜ್ಜನಿಗೆ ಇಷ್ಟವಾದದ್ದನ್ನೇ ತಿನ್ನಿಸುತ್ತೇವೆ. ಹೆಸರು ಸಿಗದವರು ಬಾಗಿಲ ಹೊರಗೆ ಚಳಿಯಲ್ಲಿ ನಿಂತೇ ಇರುತ್ತಾರೆ. ಯೆರೆಮಿಯಾಸನ ಅಜ್ಜ ಅಪಿಲಾಕ್ ನಲವತ್ತೆಂಟು ವರ್ಷಗಳಿಂದ ಹಾಗೆ ನಿಂತಿದ್ದ. ಒಬ್ಬರೂ ಅವನ ಹೆಸರು ಇಟ್ಟಿರಲಿಲ್ಲ.

ಕಾರಣ ಶಾಲೆಯ ಕಪಾಟಿನಲ್ಲಿತ್ತು. ಅದೊಂದು ಕ್ರಿಸ್‌ಮಸ್ ಕಥೆಗಳ ಪುಸ್ತಕ. ಹಬ್ಬಕ್ಕೆ ಮುಂಚಿನ ವಾರಗಳಲ್ಲಿ, ಕಿಟಕಿಗಳಲ್ಲಿ ಕಾಗದದ ನಕ್ಷತ್ರ ದೀಪ ಹಚ್ಚಿಟ್ಟ ಮೇಲೆ, ಪ್ರತಿವರ್ಷ ಮೇಷ್ಟ್ರು ಅದನ್ನು ಓದುತ್ತಿದ್ದರು. ಅದರಲ್ಲಿ ಧ್ರುವ ಹುಡುಕಲು ಬಂದ ಇಬ್ಬರು ವೀರರ ಕಥೆಯಿದೆ. ಒಬ್ಬನ ಕಾಲು ಹಿಮಕ್ಕೆ ಸತ್ತುಹೋಗಿದೆ. ದಾರಿ ತೋರಿಸಲು ಬಂದಿದ್ದ ಅಪಿಲಾಕ್, ನಾಯಿಗಳು, ಜಾರುಬಂಡಿ, ಮಾಂಸ ಎಲ್ಲವನ್ನೂ ಕದ್ದು ಓಡಿಹೋಗಿದ್ದಾನೆ. ಕ್ರಿಸ್‌ಮಸ್ ಸಂಜೆ ಗುಡಾರದಲ್ಲಿ ಇಬ್ಬರೂ ಕೊನೆಯ ಬಿಸ್ಕತ್ತನ್ನು ಎರಡು ಹೋಳು ಮಾಡಿ, ಮೋಂಬತ್ತಿ ಹಚ್ಚಿ, ಹಾಡು ಹೇಳುತ್ತಾರೆ. ಬೆಳಗಾಗುವಷ್ಟರಲ್ಲಿ ಒಬ್ಬ ಸಾಯುತ್ತಾನೆ. ಎರಡು ದಿನದ ಮೇಲೆ ದೇವರ ದಯದಿಂದ ಬೇಟೆಗಾರರು ಬಂದು ಇನ್ನೊಬ್ಬನನ್ನು ಉಳಿಸುತ್ತಾರೆ. ಉಳಿದವನೇ ಆ ಕಥೆ ಬರೆದವನು. ಬಿಸ್ಕತ್ತು ಬಂದಾಗ ನಮ್ಮ ಮಕ್ಕಳೂ ಕಣ್ಣೊರೆಸಿಕೊಳ್ಳುತ್ತಾರೆ, ಆಮಾಲಿಯೆ ಶಾಲೆಯಲ್ಲಿದ್ದ ಕಾಲದಲ್ಲಿ ಆಮೇಲೆ ಅವಳ ಕಡೆ ತಿರುಗಿ ನೋಡುತ್ತಿದ್ದರು. ಕಳ್ಳನ ಮರಿ ಎಂದು ಅವಳ ಜಡೆ ಎಳೆದವರಲ್ಲಿ ನನ್ನ ತಮ್ಮನೂ ಇದ್ದ.

ಡಿಸೆಂಬರ್ ಹತ್ತರ ಸುಮಾರಿಗೆ, ಸೂರ್ಯನೇ ಹುಟ್ಟದ ಆ ದಿನಗಳ ಮಧ್ಯಾಹ್ನ ಹನ್ನೆರಡರ ಕತ್ತಲಲ್ಲಿ, ಆಮಾಲಿಯೆ ಮಗು ಕಟ್ಟಿಕೊಂಡು ಸಕ್ಕರೆ ಕೊಳ್ಳಲು ಬಂದಳು. ಯೆರೆಮಿಯಾಸ್ ಬರೆಯುವುದನ್ನು ನಿಲ್ಲಿಸಿ, ಜೇಬಿನಿಂದ ಒಂದು ಬಟ್ಟೆಗಂಟು ತೆಗೆದು ಮೇಜಿನ ಮೇಲೆ ಬಿಚ್ಚಿದ. ಒಳಗೆ ಈಟಿಯ ದಂತದ ಮೊನೆ, ಹಳದಿಗಟ್ಟಿದ್ದು. ಬುಡದಲ್ಲಿ ಮೂರು ಗೀರು, ಬೇಟೆಗಾರ ತನ್ನದೆಂದು ಹಾಕಿಕೊಳ್ಳುವ ಗುರುತು.

"ಆಗಸ್ಟ್‌ನಲ್ಲಿ ಬೋಟ್ ತಗೊಂಡು ಅವರ ಗುಡಾರ ಇದ್ದ ಕೊಲ್ಲಿಗೆ ಹೋಗಿದ್ದೆ," ಎಂದ. "ಅಜ್ಜ ಸಾಯೋ ಮುಂಚೆ ನನಗೊಬ್ಬನಿಗೆ ಹೇಳಿದ್ದ. ಮಾಂಸ ಕದಿಲಿಲ್ಲ ಮಗಳೇ. ನರಿ ಕರಡಿ ಮುಟ್ಟಬಾರದು ಅಂತ ಗುಡಾರದ ಹಿಂದೆ ಹತ್ತು ಹೆಜ್ಜೆಗೆ ಕಲ್ಲು ಪೇರಿಸಿ, ಮೇಲೊಂದು ಉದ್ದನೆ ಕಲ್ಲು ನಿಲ್ಲಿಸಿ, ಜನ ಕರ್ಕೊಂಡು ಬರೋಕೆ ಹೋದ. ಆ ಬೇಟೆಗಾರರನ್ನ ಕರ್ಕೊಂಡು ಬಂದೋನು ಅವನೇ, ಪುಸ್ತಕದಲ್ಲಿ ಅದನ್ನ ಬರೀಲಿಲ್ಲ. ಗುಪ್ಪೆ ಹಾಗೇ ಇದೆ. ಒಂದು ಕಲ್ಲೂ ಅಲ್ಲಾಡಿಲ್ಲ. ಒಳಗೆ ವಾಲ್ರಸ್ ಪಕ್ಕೆಲುಬು, ಕಪ್ಪಗೆ ಒಣಗಿದ ಮಾಂಸ, ಅದರ ಮೇಲೆ ಅಜ್ಜನ ಈ ಮೊನೆ."

ಕಲ್ಲುಗುಪ್ಪೆಯ ಮೇಲೆ ಕಲ್ಲು ನಿಂತಿದ್ದರೆ ಕೆಳಗೆ ಊಟವಿದೆ ಎಂದು ನಮ್ಮಲ್ಲಿ ಮೂರು ವರ್ಷದ ಕೂಸಿಗೂ ಗೊತ್ತು. ಧ್ರುವ ಹುಡುಕಲು ಬಂದ ಮಹಾನುಭಾವರು ಹತ್ತು ಹೆಜ್ಜೆ ಹಿಂದೆ ತಿರುಗಿ ನೋಡಲಿಲ್ಲ.

ಆಮಾಲಿಯೆ ಮೊನೆಯನ್ನು ಮುಟ್ಟಲಿಲ್ಲ. "ಅಪ್ಪ, ಅವನು ಅವರಿಗೆ ಹೇಳಿದ್ನಾ?"

"ಏನನ್ನ?"

"ಮಾಂಸ ಕಲ್ಲಿನ ಕೆಳಗಿದೆ ಅಂತ."

ಯೆರೆಮಿಯಾಸ್ ಮಂದ ಕಿವಿಯನ್ನು ಉಜ್ಜಿಕೊಂಡ. "ಗಡ್ಡ ಬಂದಿರೋ ಗಂಡಸರಿಗೆ ಊಟ ಎಲ್ಲಿದೆ ಅಂತ ತೋರಿಸಿಕೊಡೋದಾ? ಅಜ್ಜನಿಗೆ ನಾಚಿಕೆ ಆಯ್ತಂತೆ."

"ಮೌನ ಬಂಗಾರ ಅಂತೆ! ಆ ಬಂಗಾರ ಒಬ್ಬನ ಪ್ರಾಣ ತಿಂತು. ಆಮೇಲಾದ್ರೂ ಹೇಳಿದ್ನಾ? ಕಳ್ಳ ಅಂತ ಬರೆದಾಗ? ಹೋಗಲಿ, ಅವನು ಸತ್ತ ಮೇಲೆ ನೀನು ಹೇಳಿದ್ಯಾ? ನಾನು ಅಳ್ತಾ ಮನೆಗೆ ಬಂದಾಗ ಒಂದು ಮಾತು ಹೇಳಿದ್ಯಾ? ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

"ಕೈಯಲ್ಲಿ ಸಾಕ್ಷಿ ಇರಲಿಲ್ಲ ಮಗಳೇ..."

"ನನಗೆ ಸಾಕ್ಷಿ ಯಾಕಪ್ಪ ಬೇಕಿತ್ತು? ನೀನು ಹೇಳಿದ್ರೆ ಸಾಕಿತ್ತು." ಅವಳು ಸಕ್ಕರೆಯನ್ನು ಮೇಜಿನ ಮೇಲೇ ಬಿಟ್ಟು ಬಾಗಿಲ ಕಡೆ ನಡೆದಳು. "ಆ ಹೆಸರು ಇಡಲ್ಲ. ಕಳ್ಳತನವನ್ನಾದ್ರೂ ಹೊತ್ಕೊಂಡು ಬೆಳೀಬಹುದು, ಈ ಮೂಗತನ ಬೇಡ ನನ್ನ ಮಗನಿಗೆ."

ಅವಳು ಹೋದ ಮೇಲೆ ಯೆರೆಮಿಯಾಸನಿಗೆ ಗಂಟನ್ನು ನಾನೇ ಕಟ್ಟಿಕೊಟ್ಟೆ. ಅವಳು ಹೇಳಿದ್ದು ಸರಿ ಎನ್ನಬೇಕೆಂದಿದ್ದೆ. ಗಯ್ಯಾಳಿಗೂ ಆ ದಿನ ಬಾಯಿ ಬರಲಿಲ್ಲ.

ಆಮೇಲೆ ಒಂದು ವಾರ ಅವನು ಅಂಗಡಿಗೆ ಬಂದರೂ ಬರೆಯಲಿಲ್ಲ. ಕಾಗದಗಳು ರಾಶಿ ಬಿದ್ದವು. ಒಲೆಯ ಮುಂದೆ ಕೂತು ಬಾಗಿಲನ್ನೇ ನೋಡುತ್ತಿದ್ದ. ಹೊರಗೆ ಯಾರೋ ನಿಂತಿದ್ದಾರೆಂದು ನನಗೂ ಅನ್ನಿಸತೊಡಗಿತು. ಹದಿನೆಂಟಕ್ಕೆ ಹೆಲಿಕಾಪ್ಟರ್ ಹಬ್ಬಕ್ಕೆ ಮುಂಚಿನ ಕೊನೆಯ ಚೀಲ ಹಾಕಿ, ಮರುದಿನ ಬೆಳಿಗ್ಗೆ ಕೊನೆಯ ಚೀಲ ಒಯ್ಯುವುದಿತ್ತು. ಬಂದ ಚೀಲದಲ್ಲಿ ಡೋರ್ತೆ ಎಂಬ ಎಂಟು ವರ್ಷದ ಹುಡುಗಿಯ ಕಾಗದವಿತ್ತು. ಯೆರೆಮಿಯಾಸನ ಒಳ್ಳೆ ಕಿವಿಯ ಹತ್ತಿರ ಕೂತು ಓದಿದೆ.

"ಕ್ರಿಸ್‌ಮಸ್ ತಾತ, ನಮ್ಮ ಟೀಚರ್ ಗುಡಾರದ ಕಥೆ ಓದಿದರು. ನಿನ್ನ ಮನೆ ಅಲ್ಲೇ ಇದೆಯಲ್ಲ, ನೀನು ಯಾಕೆ ಅವರಿಗೆ ಊಟ ಕೊಡಲಿಲ್ಲ? ಆ ಕಳ್ಳನ ಮಕ್ಕಳಿಗೆ ಏನೂ ಕೊಡಬೇಡ. ಕೊಡುವುದಿಲ್ಲ ತಾನೇ?"

ಹೌದು, ಕೊಡುವುದಿಲ್ಲ ಎಂದು ಬರೆಯುತ್ತಾನೆ ಯೆರೆಮಿಯಾಸ್, ಹತ್ತೊಂಬತ್ತು ವರ್ಷದ ಚಾಳಿ ಎಲ್ಲಿ ಹೋಗುತ್ತದೆ ಎಂದುಕೊಂಡೆ. ಅವನು ಪೆನ್ನು ಕೇಳಿದ. ಅಂಗಡಿ ಮುಚ್ಚುವ ತನಕ ಬಗ್ಗಿಸಿದ ತಲೆ ಎತ್ತದೆ ಬರೆದು, ಹಾಳೆಗಳನ್ನು ನನ್ನ ಕಡೆ ತಳ್ಳಿದ.

"ಪ್ರೀತಿಯ ಡೋರ್ತೆ, ಈ ಸಲ ಹೌದು ಅನ್ನಲಾರೆ. ಆ ಕಳ್ಳನ ಮೊಮ್ಮಗ ನಾನೇ," ಎಂದು ಶುರುವಾಗಿತ್ತು. ಕಲ್ಲುಗುಪ್ಪೆ, ನಿಂತ ಕಲ್ಲು, ಹತ್ತು ಹೆಜ್ಜೆ ಎಲ್ಲ ಇತ್ತು, ಗುಪ್ಪೆಯ ಚಿತ್ರವನ್ನೂ ಬರೆದಿದ್ದ. ಕೊನೆಗೆ ಹೀಗಿತ್ತು: "ಅಜ್ಜ ಕಳ್ಳನಲ್ಲ. ಆದರೆ ಮಾಂಸ ಇಲ್ಲಿದೆ ಎಂದು ಅವನು ಬಾಯಿಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ, ಅದು ಅವನ ತಪ್ಪು. ನನ್ನ ಮಗಳು ಶಾಲೆಯಿಂದ ಅಳುತ್ತಾ ಬರುತ್ತಿದ್ದಳು, ನಾನೂ ಹೇಳಲಿಲ್ಲ. ಇದು ನನ್ನ ತಪ್ಪು, ಅಜ್ಜನದಕ್ಕಿಂತ ದೊಡ್ಡದು. ನಿನ್ನ ಟೀಚರಿಗೆ ಇದನ್ನು ಓದಿ ಹೇಳು. ನಾಚಿಕೊಳ್ಳಬೇಡ."

ಹದಿಮೂರು ಕಾಗುಣಿತದ ತಪ್ಪುಗಳಿದ್ದವು. ಒಂದನ್ನೂ ತಿದ್ದಲಿಲ್ಲ. ಆಮೇಲೆ ಅಂಚೆಯವಳು ಮಾಡಬಾರದ ಕೆಲಸ ಮಾಡಿದೆ. ಕಾಗದವನ್ನು ಕೋಟಿನೊಳಗೆ ಇಟ್ಟುಕೊಂಡು ನೇರ ಆಮಾಲಿಯೆಯ ಮನೆಗೆ ಹೋದೆ.

ಅವಳು ನಿಂತೇ ಓದಿದಳು. ಎರಡು ಸಲ ಓದಿ, ಮಡಚಿ ನನ್ನ ಕೈಗೆ ಕೊಟ್ಟು, "ಚೀಲ ಹೋಗೋದು ನಾಳೆ ಬೆಳಿಗ್ಗೆ ಅಲ್ವಾ ನಿಕೊಲಿನೆ? ತಪ್ಪಿಸಬೇಡ," ಎಂದಳು. ಅಷ್ಟೇ. ಹೆಸರಿನ ವಿಷಯ ಎತ್ತಲಿಲ್ಲ, ಕೇಳುವ ಧೈರ್ಯ ನನಗೂ ಬರಲಿಲ್ಲ. ಯೆರೆಮಿಯಾಸನಿಗೆ ನಾನು ಮಾಡಿದ ಕೆಲಸವನ್ನು ಹೇಳಿದೆ. ಅವನು ಬೈಯಲಿಲ್ಲ, ಊಟವನ್ನೂ ಮಾಡಲಿಲ್ಲ.

ಕ್ರಿಸ್‌ಮಸ್‌ನ ಎರಡನೆಯ ದಿನ ಚರ್ಚು ತುಂಬಿತ್ತು. ಪುಸ್ತಕ ಓದುವ ಹೊಸ ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದರು. ಯೆರೆಮಿಯಾಸ್ ಬಿಳಿ ಅಂಗಿ ತೊಟ್ಟು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂತ, ಅಳಿಯ ಬಂದು ಕರೆದರೂ ಮುಂದೆ ಹೋಗಲಿಲ್ಲ. ಪಾದ್ರಿಗಳು ನೀರಿನಲ್ಲಿ ಕೈ ಅದ್ದಿ ಮಗುವಿನ ಹೆಸರೇನು ಎಂದು ಕೇಳಿದರು.

ಆಮಾಲಿಯೆ ಹಿಂದಕ್ಕೆ ತಿರುಗಿದಳು. ಅಪ್ಪನ ಮಂದ ಕಿವಿಗೂ ಮುಟ್ಟುವಷ್ಟು ಜೋರಾಗಿ, ಮೇಷ್ಟ್ರ ಕಡೆಗೊಮ್ಮೆ ನೋಡಿ, "ಅಪಿಲಾಕ್," ಎಂದಳು.

ಪಾದ್ರಿಗಳು ಆ ಹೆಸರು ಹೇಳಿ ಮಗುವಿನ ಹಣೆಗೆ ನೀರು ಹಾಕಿದರು. ಯೆರೆಮಿಯಾಸ್ ಎದ್ದು, ಬೆಂಚುಗಳನ್ನು ಹಿಡಿದುಕೊಂಡು ಮುಂದೆ ಬಂದ. ಅರವತ್ತೇಳು ವರ್ಷದ ಆ ಮುದುಕ ಐದು ವಾರದ ಕೂಸಿನ ಮೇಲೆ ಬಗ್ಗಿ, ಒದ್ದೆ ಹಣೆಯನ್ನು ಮೂಗಿನಿಂದ ಮುಟ್ಟಿ, ನಮಗೆಲ್ಲ ಕೇಳುವಂತೆ ಹೇಳಿದ.

"ಬಂದ್ಯಾ ಅಜ್ಜ? ತುಂಬಾ ಹೊತ್ತು ನಿಲ್ಲಿಸಿಬಿಟ್ಟೆ. ಈ ಸಲ ನಾಚಿಕೋಬೇಡ. ಬಾಯಿಬಿಟ್ಟು ಹೇಳು."

ತಣ್ಣೀರು ಕಣ್ಣಿಗೆ ಇಳಿದಿತ್ತೋ ಏನೋ, ಮಗು ಚರ್ಚಿನ ಮಾಡು ಹಾರುವಂತೆ ಕಿರುಚಿತು. ಸಮಾಧಾನ ಮಾಡಲು ಯಾರೂ ಕೈ ಚಾಚಲಿಲ್ಲ. ಅದು ಕಿರುಚಿ ಮುಗಿಸುವ ತನಕ ಊರೆಲ್ಲ ನಿಂತು ಕೇಳಿತು.