ಎಣ್ಣೆ ಹಾಕಿದವರು

ಕಲಬುರಗಿಯಲ್ಲಿ ಎಣ್ಣೆ ಸುಟ್ಟು ಕರೆಂಟು ತಯಾರಿಸುತ್ತಿದ್ದ ಹಳೆಯ ಪವರ್ ಹೌಸ್ ಒಂದಿತ್ತು. ದೂರದಿಂದ ತಂತಿಯಲ್ಲಿ ಕರೆಂಟು ಬಂದ ಮೇಲೆ ಅದನ್ನು ಮುಚ್ಚಿದರು. ಯಂತ್ರಗಳು ಗುಜರಿಗೆ ಹೋದವು. ಅದರ ಚರಿತ್ರೆ ಬರೆಯುವ ಹುಚ್ಚು ನನಗೆ ಹತ್ತಿದ್ದು ನಿವೃತ್ತನಾದ ಮೇಲೆ. ಜೀವಮಾನವೆಲ್ಲ ಕನ್ನಡ ಕಲಿಸಿದ ಮಾಸ್ತರ ನಾನು. ಕನ್ನಡ ನನಗೆ ಗೊತ್ತು ಎಂಬ ಸೊಕ್ಕೂ ಇತ್ತು.

ಅಲ್ಲಿ ದುಡಿದವರಲ್ಲಿ ಆಗ ನನಗೆ ಮಾತಿಗೆ ಸಿಕ್ಕವರು ಒಬ್ಬರೇ, ಕಮಲಾಪುರದ ಚಾಚಾ. ಮನೆಯ ಕಟ್ಟೆಯ ಮೇಲೆ ಕೂತು, "ಎಣ್ಣಿ ಹಾಕ್ಲಾರ್ದ ಒಂದಿನಾನೂ ಡ್ಯೂಟಿ ಚಾಲೂ ಮಾಡಿದವ ಅಲ್ರಿ ನಾ," ಎಂದರು. ನಾನು ನಕ್ಕೆ. ಅವರೂ ನಕ್ಕರು. ಊರಿಗೆ ಬಂದವನೇ ಆ ಮಾತಿಗೆ ಉಪ್ಪು ಖಾರ ಹಚ್ಚಿ, ಇಂಜಿನ್ನಿಗಿಂತ ಮೊದಲು ಇವರ ಗಂಟಲಿಗೆ ಎಣ್ಣೆ ಬೀಳಬೇಕಿತ್ತು ಎಂದು ಬರೆದೆ. ಫೋಟೋ ಸಮೇತ ಅಚ್ಚು ಹಾಕಿಸಿದೆ. ಪುಸ್ತಕದಲ್ಲಿ ಎಲ್ಲರೂ ಮೆಚ್ಚಿದ್ದು ಅದೇ ಪುಟವನ್ನು.

ಅದನ್ನು ಓದಿದ, ಪವರ್ ಹೌಸಿನ ಹಳೆಯ ಫೋರ್‌ಮನ್ ಒಬ್ಬರು ಬ್ರಹ್ಮಪುರದಿಂದ ಫೋನ್ ಮಾಡಿ ಉಗಿದರು. "ಏನ್ ಬರ್ದೀರಿ ಮಾಸ್ತರ? ಅಂವ ಆಯಿಲ್‌ಮನ್ ಇದ್ದ. ಮಷೀನಿಗಿ ಕೈಲೆ ಎಣ್ಣಿ ಹಾಕ್ತಿದ್ದ. ಐದು ಹೊತ್ತು ನಮಾಜ್ ಮಾಡೋ ಮನಷಾ, ಜನ್ಮದಾಗ ಕುಡದಿಲ್ಲ."

ತಪ್ಪು ಒಪ್ಪಿಕೊಳ್ಳಲೆಂದು ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ.

ಚಾಚಾಗೆ ಓದಲು ಬರುವುದು ಉರ್ದು ಮಾತ್ರ. ಪುಸ್ತಕವನ್ನು ಹೊಸ ರುಮಾಲಿನಲ್ಲಿ ಸುತ್ತಿಟ್ಟಿದ್ದರು. "ನಂದು ಬಂದಿದ್ದು ನೀವೇ ಓದ್ರಿ ಸರ್," ಎಂದು ಕೈಗೆ ಕೊಟ್ಟರು. ಆ ಪುಟ ತೆರೆದೆ. ಆಮೇಲೆ, ಹೇಡಿ ನಾನು, ಅಲ್ಲಿ ಇಲ್ಲದ ಸಾಲನ್ನು ಓದಿದೆ: ಇವರು ಎಣ್ಣೆ ಹಾಕದೆ ಯಂತ್ರ ತಿರುಗುತ್ತಿರಲಿಲ್ಲ. ಚಾಚಾ ಕಣ್ಣೊರೆಸಿಕೊಂಡರು.

ಹೊರಟಾಗ ಅವರ ಸೊಸೆ ಬಾಗಿಲ ತನಕ ಬಂದು ದನಿ ತಗ್ಗಿಸಿದರು. "ನಾನೂ ಹಿಂಗೇ ಸುಳ್ಳು ಓದಿ ಹೇಳೀನ್ರಿ. ಆದ್ರ ಮಾವ ಇಪ್ಪತ್ತು ಪುಸ್ತಕ ತರಿಸ್ಯಾರ, ನನ್ನ ಮಗಳ ಶಾದಿಗಿ ಬರೋ ಬೀಗರಿಗಿ ಕೊಡ್ಲಾಕ. ಅವರಿಗೆಲ್ಲ ಕನ್ನಡ ಓದ್ಲಾಕ ಬರ್ತದ."

ಚಪ್ಪಲಿ ಬಿಟ್ಟು ಮತ್ತೆ ಒಳಗೆ ಹೋದೆ. ಅಚ್ಚಾದದ್ದನ್ನು ಅಚ್ಚಾದ ಹಾಗೆಯೇ ಓದಿದೆ. ಚಾಚಾ ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ಮತ್ತೆ ರುಮಾಲಿನಲ್ಲಿ ಸುತ್ತಿದರು.

"ಎಣ್ಣಿ ಎದಕ್ಕ ಹಾಕ್ತಿದ್ರಿ ಅಂತ ಒಂದ್ ಮಾತ ಕೇಳ್ಬೇಕಿತ್ತಲ್ರಿ ಸರ್," ಎಂದರು.